ಶಾಸನಗಳಲ್ಲಿ ಬನವಾಸಿಯನ್ನು ಗುರುತಿಸುವ ಬಗೆ

ವರದಾ ನದಿಯ ದಂಡೆಯಲ್ಲಿರುವ ಬನವಾಸಿಯ ಚರಿತ್ರೆಯನ್ನು ಶಾಸನಗಳಿಂದಲೇ ತಿಳಿಯಬಯಸುವವರು ವನವಾಸಿ, ವೈಜಯಂತಿ, ಜಯಂತಿಪುರ ಎಂಬ ಹೆಸರುಗಳನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಶಾಸನ ಸಂಪುಟಗಳ ಪದಸೂಚಿಯಲ್ಲಿ ಬನವಾಸಿ ಎಂಬುದೊಂದನ್ನೇ ನೋಡಿದರೆ, ಕದಂಬ ಅರಸರು ವೈಜಯಂತಿಯಿಂದ ಹೊರಡಿಸಿದ ಸಂಸ್ಕೃತ ತಾಮ್ರಪಟಗಳು ಕೈತಪ್ಪಿಹೋಗುತ್ತವೆ.

ಯಾವ ಸಂಪುಟವನ್ನು ತೆರೆಯಬೇಕೆಂಬುದು ಹಳೆಯ ಆಡಳಿತದ ಗಡಿಗಳನ್ನು ಅವಲಂಬಿಸಿದೆ. ಬನವಾಸಿಯಿರುವ ಶಿರಸಿ ತಾಲ್ಲೂಕು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ, ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನಕ್ಕಾಗಿ ಸಿದ್ಧಪಡಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯಲ್ಲಿ ನೆರೆಯ ಸೊರಬ, ಶಿಕಾರಿಪುರಗಳ ಶಾಸನಗಳು ದೊರೆಯುತ್ತವೆ. ಕದಂಬ ವಂಶದ ಸ್ಥಾಪಕ ಮಯೂರಶರ್ಮನ ವೃತ್ತಾಂತವಿರುವ ತಾಳಗುಂದದ ಸ್ತಂಭಶಾಸನ ಅದರ 7ನೆಯ ಸಂಪುಟದಲ್ಲಿದೆ. ಮುಂಬಯಿ ಕರ್ನಾಟಕದ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನು ನೋಡಬೇಕು.

ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬಾರದು. ಅದು ಊರನ್ನು ಹೇಳುತ್ತದೆಯೋ, ನಾಡನ್ನು ಹೇಳುತ್ತದೆಯೋ, ಅಥವಾ ಬರಿಯ ಬಿರುದೋ ಎಂಬುದನ್ನು ಪ್ರತಿ ಸಲವೂ ತೀರ್ಮಾನಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇದೇ. 'ಬನವಾಸಿ ಪನ್ನಿರ್ಚ್ಛಾಸಿರ' (ಬನವಾಸಿ ಹನ್ನೆರಡು ಸಾವಿರ) ಎಂದರೆ ಒಂದು ವಿಶಾಲ ಪ್ರಾಂತ; ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದರ ಆಡಳಿತ ಕೇಂದ್ರ ಬಳ್ಳಿಗಾವೆಯಾಗಿತ್ತು. 'ಬನವಾಸಿ ಪುರವರಾಧೀಶ್ವರ' (ಶ್ರೇಷ್ಠ ನಗರ ಬನವಾಸಿಯ ಒಡೆಯ) ಎಂಬುದು ಹಾನಗಲ್ಲಿನಲ್ಲಿದ್ದುಕೊಂಡು ಆಳಿದ ಕದಂಬರು ತಮ್ಮ ವಂಶದ ಹಿರಿಮೆಗಾಗಿ ಧರಿಸಿದ ಬಿರುದು. ಬನವಾಸಿಯ ದೇವರಾದ ಜಯಂತಿ ಮಧುಕೇಶ್ವರನ ವರಪ್ರಸಾದ ಪಡೆದವರೆಂದು ಹೇಳಿಕೊಳ್ಳುವ ಮಾತನ್ನೂ ಹೀಗೆಯೇ ಓದಬೇಕು. ಇಂಥ ಬಿರುದೊಂದನ್ನೇ ನಂಬಿ, ಆ ಅರಸ ಬನವಾಸಿಯಲ್ಲಿ ನೆಲೆಸಿದ್ದನೆಂದು ಬರೆಯಬಾರದು.

ಊರೇ ಉದ್ದಿಷ್ಟವೆಂದು ಖಚಿತಪಡಿಸಿಕೊಳ್ಳಲು ಸುತ್ತಲಿನ ವಿವರಗಳು ನೆರವಾಗುತ್ತವೆ. ಶಕ 556ರ, ಅಂದರೆ 78 ಕೂಡಿಸಿದರೆ ಕ್ರಿ.ಶ. 634ರ, ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿಯು ಚಾಲುಕ್ಯ ಅರಸ ಇಮ್ಮಡಿ ಪುಲಕೇಶಿ ಮುತ್ತಿದ ವನವಾಸಿಯನ್ನು ವರದೆಯ ಅಲೆಗಳೊಂದಿಗೇ ವರ್ಣಿಸಿರುವುದರಿಂದ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮಹಾರಾಷ್ಟ್ರದ ಕಾರ್ಲೆಯ ಬೌದ್ಧ ಚೈತ್ಯಗೃಹದ ಶಾಸನದಲ್ಲಿ ವೈಜಯಂತಿಯ ಶ್ರೇಷ್ಠಿ (ವರ್ತಕ) ಭೂತಪಾಲನ ಉಲ್ಲೇಖವಿದೆ. ನದಿಯ ಅಥವಾ ನಾಡಿನ ಸುಳಿವು ಅಲ್ಲಿಲ್ಲವಾದ್ದರಿಂದ ಅದನ್ನು 'ಬಹುಶಃ' ಎಂಬ ಟಿಪ್ಪಣಿಯೊಂದಿಗೆ ಬೇರೆಯಾಗಿಯೇ ಇಡುವುದು ಒಳಿತು.

ಬನವಾಸಿಗೆ ಹೋದಾಗ ಮಧುಕೇಶ್ವರ ದೇವಾಲಯದ ನಾಗಶಿಲ್ಪವನ್ನು ತಪ್ಪದೆ ನೋಡಬೇಕು. ಚುಟು ವಂಶದ ಅರಸ ಶಾತಕರ್ಣಿಯ ಕಾಲದ ಅದರ ಪ್ರಾಕೃತ ಬರಹದ ಮುದ್ರಿತ ಪಾಠವನ್ನು ಜೊತೆಗೆ ಒಯ್ದು, ಶಿಲೆಯನ್ನು ಮುಟ್ಟದೆ, ಬ್ರಾಹ್ಮಿ ಅಕ್ಷರಗಳೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಬಹುದು.