ದ್ವೀಪದಲ್ಲಿ ಒಂದು ದಿನ: ಇಬ್ಬರ ಸುತ್ತಾಟಕ್ಕೆ ಲೆಕ್ಕಾಚಾರ

ಉಷ್ಣವಲಯದ ದ್ವೀಪದಲ್ಲಿ ದಿನ ಹಾಳಾಗುವುದು ನೋಡುವ ಜಾಗ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ನಕ್ಷೆಯಲ್ಲಿ ಎಲ್ಲವೂ ಪಕ್ಕಪಕ್ಕದಲ್ಲೇ ಕಾಣುತ್ತದೆ. ಆರು ಜಾಗ ಗುರುತು ಹಾಕಿಕೊಂಡು ಹೊರಟ ಜೋಡಿ ಮೂರನೆಯದಕ್ಕೆ ಬರುವಷ್ಟರಲ್ಲಿ ಬಸವಳಿದು ಒಬ್ಬರ ಮೇಲೊಬ್ಬರು ಸಿಡುಕುತ್ತಿರುತ್ತಾರೆ. ದಿನಕ್ಕೆ ಮೂರು ಸಾಕು: ಮೈ ದಣಿಸುವ ಒಂದು ಏರು, ನೀರಿಗಿಳಿಯುವ ಒಂದು ಜಾಗ, ಸಂಜೆ ಕೂರಲು ಒಂದು ದಂಡೆ. ಯಾವುದು ಎಷ್ಟು ಹೊತ್ತಿಗೆ ಎಂಬುದನ್ನು ಬಿಸಿಲಿಗೂ ಉಬ್ಬರವಿಳಿತಕ್ಕೂ ಬಿಟ್ಟುಬಿಡಿ.

ಹಿಂದಿನ ರಾತ್ರಿಯೇ ಆ ದಂಡೆಯ ಉಬ್ಬರವಿಳಿತದ ಪಟ್ಟಿ ನೋಡಿ. ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ; ಒಂದರಿಂದ ಇನ್ನೊಂದಕ್ಕೆ ಸುಮಾರು 6 ಗಂಟೆ 12 ನಿಮಿಷ. ಪ್ರತಿದಿನ ಇದು ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಮೊನ್ನೆ ಅಲ್ಲಿಗೆ ಹೋಗಿಬಂದವರು ಹೇಳಿದ ಸಮಯ ಇಂದಿಗೆ ಹೊಂದುವುದಿಲ್ಲ. ಆಳವಿಲ್ಲದ ಹವಳದ ದಿಬ್ಬದ ಮೇಲೆ ಈಜಲು ಉಬ್ಬರದ ಹಿಂದುಮುಂದಿನ ಒಂದೊಂದು ಗಂಟೆ ಒಳ್ಳೆಯದು. ಆಗ ಸೆಳೆತ ಸಾಮಾನ್ಯವಾಗಿ ಕಡಿಮೆ, ಹೊಟ್ಟೆಯ ಕೆಳಗೆ ನೀರೂ ಸಾಕಷ್ಟು. ಇಳಿತದಲ್ಲಿ ಹೋದರೆ ಮೊಣಕಾಲು ತರಚುತ್ತದೆ, ಹವಳವೂ ಮುರಿಯುತ್ತದೆ.

ಮರಳದಿಬ್ಬ ದಾಟಿ ಪಕ್ಕದ ನಡುಗಡ್ಡೆಗೆ ನಡೆದು ಹೋಗುವ ಆಸೆಯಿದ್ದರೆ ಲೆಕ್ಕ ಉಲ್ಟಾ: ಇಳಿತಕ್ಕೆ ಮುಂಚೆ ಹೊರಟು, ನೀರು ಏರತೊಡಗುವ ಮೊದಲೇ ಮರಳಬೇಕು. ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ, ಗಂಟೆಗಂಟೆಗೆ ಹೆಚ್ಚುಕಡಿಮೆ 1, 2, 3, 3, 2, 1 ಪಾಲಿನಂತೆ ಏರುತ್ತದೆ. ಮೊದಲ ಗಂಟೆಯಲ್ಲಿ ಪಾದವಷ್ಟೇ ಒದ್ದೆಯಾಯಿತೆಂದು ಫೋಟೊ ತೆಗೆಯುತ್ತಾ ನಿಂತವರು ಸಿಕ್ಕಿಬೀಳುವುದು ಮೂರನೆಯ ಗಂಟೆಯಲ್ಲಿ.

ಏರು ಬೆಳಗಿನ ಕೆಲಸ, ಸೂರ್ಯ ಹುಟ್ಟುವ ಹೊತ್ತಿಗೆ ಹೊರಟಿರಬೇಕು. ಬಿಸಿಲೇರಿದಂತೆ ನೆಲ ಕಾಯುತ್ತದೆ, ಕಡಲಿನಿಂದ ಬರುವ ತೇವದ ಗಾಳಿ ಇಳಿಜಾರಿನಲ್ಲಿ ಮೇಲೇರಿ ಮೋಡವಾಗುತ್ತದೆ. ಮಧ್ಯಾಹ್ನ ತುದಿ ಮುಟ್ಟಿದವರಿಗೆ ಆಗಾಗ ಸಿಗುವುದು ಬಿಳಿ ಮಂಜು, ಅದರ ಬೆನ್ನಿಗೆ ಮಳೆ, ಗುಡುಗು. ಸಮಯ ಹೀಗೆ ಲೆಕ್ಕ ಹಾಕಿ: 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ, ಸೆಖೆ ಇರುವುದರಿಂದ ಬಂದದ್ದರ ಒಂದೂವರೆ ಪಟ್ಟು. ಹೋಗಿಬರಲು 6 ಕಿಲೋಮೀಟರ್, ಏರು 300 ಮೀಟರ್ ಇದ್ದರೆ ಎರಡೂವರೆ ಗಂಟೆ. ನಿಧಾನಕ್ಕೆ ನಡೆಯುವವರು ಮುಂದೆ ಇರಲಿ. ಗಟ್ಟಿಗರು ಮುಂದೆ ಹೋಗಿ ಕಾಯುತ್ತಾ ಕೂತರೆ ಅವರಿಗೆ ವಿಶ್ರಾಂತಿ ಸಿಗುತ್ತದೆ, ಹಿಂದಿನವರು ತಲುಪಿದ ಕೂಡಲೇ ಮತ್ತೆ ಹೊರಡುತ್ತಾರೆ. ಜೋಡಿಯ ಜಗಳಗಳಲ್ಲಿ ಅರ್ಧಪಾಲು ಇಲ್ಲೇ ಹುಟ್ಟುವುದು.

ನೀರು ತಲೆಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಅಂದರೆ ಈ ಏರಿಗೆ ಇಬ್ಬರಿಗೂ ಸೇರಿ ಮೂರೂವರೆ ಲೀಟರ್. ಎರಡೂ ಚೀಲಕ್ಕೆ ಹಂಚಿಕೊಳ್ಳಿ. ಬೆವರು ಧಾರೆಯಾಗಿ ಹರಿಯುವಾಗ ಬರೀ ನೀರು ಕುಡಿಯುತ್ತಾ ಹೋದರೆ ಮೈಯ ಉಪ್ಪಿನಂಶ ತೆಳುವಾಗಿ ತಲೆನೋವು, ವಾಕರಿಕೆ ಬರಬಹುದು. ಒಂದೆರಡು ಪೊಟ್ಟಣ ಓಆರ್‌ಎಸ್ ಜೊತೆಗಿರಲಿ. ದಾರಿಯಲ್ಲಿ ಜಲಪಾತ ಸಿಕ್ಕಿ ನೀರಿಗಿಳಿದರೆ ಆಗಾಗ ಮೇಲ್ಗಡೆ ನೋಡುತ್ತಿರಿ. ತಿಳಿನೀರು ಕೆಂಪಾದರೆ, ಎಲೆ ಕಡ್ಡಿ ತೇಲಿಬಂದರೆ, ಮೇಲೆಲ್ಲೋ ಮಳೆ ಸುರಿದಿದೆ ಎಂದರ್ಥ. ತಕ್ಷಣ ದಡ ಹತ್ತಿ, ನೀವು ನಿಂತಲ್ಲಿ ಆಕಾಶ ನೀಲಿಯಾಗಿದ್ದರೂ ಸರಿ.

ಸನ್‌ಸ್ಕ್ರೀನನ್ನು ಹೆಚ್ಚಿನವರು ಹಚ್ಚಬೇಕಾದ ಅರ್ಧವನ್ನೂ ಹಚ್ಚುವುದಿಲ್ಲ. ವಯಸ್ಕರ ಇಡೀ ಮೈಗೆ ಸುಮಾರು 35 ಮಿಲಿಲೀಟರ್, ಅಂದರೆ ಏಳು ಟೀ ಚಮಚ ಬೇಕು. 100 ಮಿಲಿಲೀಟರಿನ ಟ್ಯೂಬು ಇಬ್ಬರಿಗೆ ಒಂದೂವರೆ ಸಲಕ್ಕೆ ಮುಗಿಯುತ್ತದೆ! ಹೊರಡುವ 15 ನಿಮಿಷ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದೆದ್ದ ಮೇಲೆ ಮತ್ತೆ ಹಚ್ಚಿ. ಮರೆತುಹೋಗುವ ಜಾಗಗಳು ಕಿವಿಯ ಹಿಂಭಾಗ, ಬೈತಲೆ, ಪಾದದ ಮೇಲ್ಭಾಗ, ಮಂಡಿಯ ಹಿಂದೆ. ಮುಖ ಕೆಳಗೆ ಮಾಡಿ ತೇಲುವಾಗ ಸುಡುವುದು ಬೆನ್ನು ಮತ್ತು ಮೀನಖಂಡ. ತುಂಬುತೋಳಿನ ಈಜು ಅಂಗಿ ಹಾಕಿದರೆ ಕ್ರೀಮೂ ಉಳಿಯುತ್ತದೆ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವವು ಬೇಡ. ಹವಳಕ್ಕೆ ಹಾನಿಯೆಂದು ಹವಾಯಿಯಲ್ಲಿ 2021ರಿಂದ ಇವುಗಳ ಮಾರಾಟಕ್ಕೆ ನಿಷೇಧವಿದೆ. ಸೊಳ್ಳೆ ಓಡಿಸುವ ಮುಲಾಮು ಇದರ ಮೇಲೆ, ಕೊನೆಯಲ್ಲಿ.

ಬಾಡಿಗೆ ಸ್ಕೂಟರಾದರೆ ದುಡ್ಡು ಕೊಡುವ ಮುಂಚೆ ಎರಡೂ ಬ್ರೇಕು, ಟೈರು, ದೀಪ ನೋಡಿ, ಇರುವ ಗೀರುಗಳ ವಿಡಿಯೊ ಮಾಡಿಕೊಳ್ಳಿ. ದ್ವಿಚಕ್ರ ವಾಹನದ ಪರವಾನಗಿ ಇಲ್ಲದಿದ್ದರೆ ಪ್ರವಾಸ ವಿಮೆ ಅಪಘಾತದ ಖರ್ಚು ಕೊಡದಿರಬಹುದು. ಕಡಲ ಪಕ್ಕದ ತಿರುವುಗಳಲ್ಲಿ ರಸ್ತೆಯ ಮೇಲೆ ಮರಳು ಹರಡಿರುತ್ತದೆ. ಅಲ್ಲಿ ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಬೇಕು, ತಿರುವಿನೊಳಗೆ ಮುಂದಿನ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ಚಡ್ಡಿ ಹಾಕಿದವರು ಇಳಿಯುವಾಗ ಸೈಲೆನ್ಸರ್ ಇಲ್ಲದ ಕಡೆಯಿಂದ ಇಳಿಯಲಿ.

ಸ್ನಾರ್ಕಲಿಂಗ್ ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದುಕೊಳ್ಳಿ. ಕೈಬಿಟ್ಟರೂ ನಿಂತರೆ ಅದು ನಿಮ್ಮ ಅಳತೆಯದು. ಅಂಚಿನಡಿ ಕೂದಲೆಳೆ ಸಿಕ್ಕರೆ ನೀರು ನುಗ್ಗುತ್ತದೆ, ದಪ್ಪ ಮೀಸೆಯವರಿಗೂ ಇದೇ ಕಾಟ. ಪಟ್ಟಿ ಬಿಗಿದಷ್ಟೂ ಅಂಚು ಸೊಟ್ಟಗಾಗಿ ಸೋರುವುದು ಹೆಚ್ಚುತ್ತದೆ. ಮಬ್ಬು ಕವಿಯದಿರಲು ಒಂದು ಹನಿ ಮಕ್ಕಳ ಶಾಂಪೂ ಒಳಗೆ ಸವರಿ, ಒಮ್ಮೆ ತೊಳೆದರೆ ಸಾಕು. ಇಬ್ಬರೂ ಕೈಗೆಟುಕುವಷ್ಟು ದೂರದಲ್ಲಿರಿ; ಒಬ್ಬರು ಮುಳುಗಿದಾಗ ಇನ್ನೊಬ್ಬರು ಮೇಲಿಂದ ನೋಡುತ್ತಿರಲಿ. ಮೊದಲು ಸೆಳೆತಕ್ಕೆ ಎದುರಾಗಿ ಈಜಿ, ದಣಿದ ಮೇಲೆ ಅದೇ ನಿಮ್ಮನ್ನು ವಾಪಸು ತರುತ್ತದೆ. ಅಲೆಗಳ ನಡುವೆ ನೊರೆಯಿಲ್ಲದೆ, ಬಣ್ಣ ಗಾಢವಾಗಿ ಶಾಂತವಾಗಿ ಕಾಣುವ ಪಟ್ಟಿಯೇ ಹೊರಸೆಳೆತದ ಜಾಗ ಆಗಿರಬಹುದು. ಅದರಲ್ಲಿ ಸಿಕ್ಕಿದರೆ ದಡದತ್ತ ಹೋರಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬನ್ನಿ, ಶಕ್ತಿಯಿಲ್ಲದಿದ್ದರೆ ತೇಲುತ್ತಾ ಕೈಯೆತ್ತಿ.

ಕಡಲಜೀವಿಯ ವಿಷಮುಳ್ಳು ಕಾಲಿಗೆ ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿಯಾದ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಅದ್ದಿಡಿ. ಬಿಸಿ ನೋಡಬೇಕಾದವರು ಗಾಯವಾಗದ ಇನ್ನೊಬ್ಬರು. ನೋವಿನಲ್ಲಿರುವ ಕಾಲಿಗೆ ಸುಡುವುದು ಗೊತ್ತಾಗುವುದಿಲ್ಲ. ಆಮೇಲೆ ವೈದ್ಯರಿಗೆ ತೋರಿಸಿ.

ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ನೆರಳು, ಊಟ, ನಿದ್ದೆ. ಇದರಲ್ಲಿ ರಾಜಿ ಬೇಡ. ಉಬ್ಬರ ಆ ಹೊತ್ತಿಗೇ ಬಂದರೆ ಈಜನ್ನು ಬೇರೆ ದಿನಕ್ಕೆ ಹಾಕಿ.

ಸಂಜೆ ದಂಡೆಗೆ ಹೋದಾಗ ಕೈ ಪೂರ್ತಿ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಹಿಡಿದು, ದಿಗಂತಕ್ಕೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ನೋಡಿ: ಬೆರಳಿಗೆ ಸುಮಾರು 15 ನಿಮಿಷ. ಇಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಮುಸ್ಸಂಜೆಯ ಬೆಳಕು 20–25 ನಿಮಿಷಕ್ಕಿಂತ ಹೆಚ್ಚು ಉಳಿಯದು. ಕಾಲುದಾರಿ ನಡೆದು ವಾಹನ ಸೇರಬೇಕಾದ ಜಾಗವಾದರೆ ತಲೆದೀಪ ಚೀಲದಲ್ಲಿರಲಿ, ಫೋನಿನ ಚಾರ್ಜು ಅಷ್ಟು ಹೊತ್ತಿಗೆ ಮುಗಿದಿರುತ್ತದೆ.

ಈಜಿನ ಬದಲು ಸ್ಕೂಬಾ ಮಾಡಿದ್ದರೆ ಮರುದಿನದ ವಿಮಾನದ ಸಮಯ ನೋಡಿಕೊಳ್ಳಿ. ಒಂದೇ ಮುಳುಗಿನ ನಂತರ ಕನಿಷ್ಠ 12 ಗಂಟೆ, ಹೆಚ್ಚು ಸಲ ಮುಳುಗಿದ್ದರೆ 18 ಗಂಟೆ ಕಳೆದಿರಬೇಕು.