ನೆಲ ಒಣಗಿದ್ಯಾ? ಬಿಸಿನೀರಿನ ಪೈಪುಗಳ ಮೇಲೆ ಮರದ ನೆಲ ಹಾಸಿದ ನನ್ನ ಅನುಭವ

ನಾವು ಮನೆ ಕಟ್ಟಿಸಿದ್ದು ಜರ್ಮನಿಯ ಬವೇರಿಯಾದಲ್ಲಿ, ಮ್ಯೂನಿಕ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಊರಲ್ಲಿ. ಇಲ್ಲಿ ಹೊಸ ಮನೆಗಳಲ್ಲಿ ಈಗ ಗೋಡೆಗೆ ರೇಡಿಯೇಟರ್ ಹಾಕುವವರು ಕಡಿಮೆ. ನೆಲದ ತುಂಬ ಪೈಪ್ ಹಾಸಿ, ಮೇಲೆ ಸಿಮೆಂಟ್ ಸ್ಕ್ರೀಡ್, ಅಂದರೆ ಸಿಮೆಂಟು ಮರಳು ಕಲಸಿದ ಗಟ್ಟಿ ಪದರ, ಹಾಕುತ್ತಾರೆ. ಹೀಟ್ ಪಂಪ್‌ನಿಂದ (ಹೊರಗಿನ ಶಾಖವನ್ನು ಕರೆಂಟಿನ ಸಹಾಯದಿಂದ ಒಳಗೆ ತರುವ ಯಂತ್ರ) ಬೆಚ್ಚಗಿನ ನೀರು ಆ ಪೈಪುಗಳಲ್ಲಿ ಹರಿಯುತ್ತದೆ.

ಟೈಲ್ಸ್ ಹಾಕ್ಸಿ, ಸುಮ್ನೆ ತಲೆನೋವು ಯಾಕೆ ಅಂತ ತುಂಬ ಜನ ಹೇಳಿದರು. ಆದರೆ ನಮ್ಮದು ನೆಲದ ಮೇಲೆ ಕೂತು ಉಣ್ಣುವ ಮನೆ. ಹೀಟಿಂಗ್ ಶುರುವಾಗದ ಸೆಪ್ಟೆಂಬರ್ ದಿನಗಳಲ್ಲಿ ಟೈಲ್ಸ್ ಮೇಲೆ ಕೂತರೆ ಥಂಡಿ ಹತ್ತುತ್ತದೆ. ನನಗೆ ಮರವೇ ಬೇಕಿತ್ತು.

ಶಿರಸಿಯ ಹತ್ತಿರ ನಮ್ಮ ಅಪ್ಪ ನಲವತ್ತು ವರ್ಷ ಮರಗೆಲಸ ಮಾಡಿದವರು. ಫೋನಿನಲ್ಲಿ ವಿಷಯ ಹೇಳಿದೆ. ಕೆಳಗಿನ ಬಿಸಿಗೆ ಹಲಗೆ ಸೀಳುತ್ತಾ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ನೆಲ ಒಣಗಿದ್ಯಾ?" ಆಮೇಲೆ, "ಮಳೆಗಾಲದಲ್ಲಿ ನಮ್ಮನೆ ಹೆಬ್ಬಾಗಿಲು ಹಿಡೀತದಲ್ಲ ಮಗಾ, ಅದು ಬಿಸಿಲಿಗಾ? ನೀರು ನೋಡ್ಕೋ. ಹಲಗೆಯ ಉದ್ದಕ್ಕೆ ಹೆದರ್ಬೇಡ, ಅಗಲಕ್ಕೆ ಹೆದರು" ಅಂದರು. ಮುಂದಿನ ಆರು ತಿಂಗಳು ನಾನು ಓದಿದ್ದು, ಅಳೆದದ್ದು ಎಲ್ಲವೂ ಈ ಮಾತಿಗೇ ಬಂದು ನಿಂತಿತು.

ಮೊದಲು ಹಲಗೆಯ ಆಯ್ಕೆ. ಮರ ತನ್ನ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಚೆನ್ನಾಗಿ ಆಡುತ್ತದೆ. 200 ಮಿಲಿಮೀಟರ್ ಅಗಲದ ಗಟ್ಟಿ ಓಕ್ ಹಲಗೆಯಲ್ಲಿ ತೇವಾಂಶ ಶೇ. 4ರಷ್ಟು ಇಳಿದರೆ, ಮರ ಕೊಯ್ದ ರೀತಿ ಹೇಗಿದೆ ಅನ್ನುವುದರ ಮೇಲೆ, ಅಗಲ 3 ಮಿಲಿಮೀಟರಿನ ಹತ್ತಿರ ಕುಗ್ಗಬಹುದು. ಒಂದು ಕೋಣೆಯಲ್ಲಿ ಇಂಥ ಇಪ್ಪತ್ತು ಹಲಗೆ ಇದ್ದರೆ? ಲೆಕ್ಕ ಹಾಕಿ ಗಟ್ಟಿ ಮರದ ಆಸೆ ಬಿಟ್ಟೆ. ಮೂರು ಪದರದ ಎಂಜಿನಿಯರ್ಡ್ ಹಲಗೆ ತೆಗೆದುಕೊಂಡೆವು. ಮೇಲೆ 3.5 ಮಿಲಿಮೀಟರ್ ಓಕ್, ನಡುವೆ ಅಡ್ಡಡ್ಡಲಾಗಿ ಸ್ಪ್ರೂಸ್ ಅನ್ನುವ ಮೆದು ಮರ, ಕೆಳಗೆ ಮತ್ತೊಂದು ಪದರ. ಒಟ್ಟು ದಪ್ಪ 14 ಮಿಲಿಮೀಟರ್. ಮೇಲಿನ ಓಕ್ ಕುಗ್ಗಲು ಹೊರಟರೆ ಅಡ್ಡ ಪದರ ಹಿಡಿದು ನಿಲ್ಲಿಸುತ್ತದೆ. ಅಗಲ 140 ಸಾಕು ಅಂದೆ. 220ರ ಹಲಗೆ ಅಂಗಡಿಯಲ್ಲಿ ನೋಡಲು ಬಹಳ ಚೆಂದವಿತ್ತು, ನಿಜ.

ಬೀಚ್ ಮತ್ತು ಮೇಪಲ್‌ಗೆ ಇಲ್ಲಿನ ಕೆಲಸಗಾರರು ನರ್ವಸ್ ಮರ ಅನ್ನುತ್ತಾರೆ. ಗಾಳಿಯ ತೇವ ಸ್ವಲ್ಪ ಬದಲಾದರೂ ಬೇಗ ಹಿಗ್ಗಿ ಕುಗ್ಗುವ ಮರಗಳು. ಓಕ್ ಅವಕ್ಕಿಂತ ಸಮಾಧಾನಿ.

ಬಿಸಿ ಮೇಲೆ ಬರಬೇಕಲ್ವಾ, ಅದಕ್ಕೂ ಒಂದು ಲೆಕ್ಕ ಇದೆ. ಇಂಥ ನೆಲದ ಮೇಲೆ ಹಾಸುವ ವಸ್ತುವಿನ ಉಷ್ಣ ತಡೆ, ಅಂದರೆ ಬಿಸಿ ದಾಟಿ ಬರಲು ಅದು ಒಡ್ಡುವ ಅಡ್ಡಿ, 0.15 (m²K/W ಅನ್ನುವ ಅಳತೆಯಲ್ಲಿ) ದಾಟಬಾರದು ಅನ್ನುವುದು ಯುರೋಪಿನಲ್ಲಿ ಎಲ್ಲರೂ ಪಾಲಿಸುವ ಮಿತಿ. ಟೈಲ್ಸ್‌ಗೆ ಅದು ಸುಮಾರು 0.01. ನಮ್ಮ ಹಲಗೆಗೆ ಸುಮಾರು 0.11 ಬಂತು. ಅಂಟಿಸದೆ, ಕೆಳಗೆ 2 ಮಿಲಿಮೀಟರ್ ಕಾರ್ಕ್ ಹಾಳೆ ಹಾಕಿ ತೇಲಿಸಿದರೆ ಇನ್ನೊಂದು 0.05 ಸೇರುತ್ತದೆ. ಅಲ್ಲಿಗೆ ಮಿತಿ ದಾಟಿತು. ಜೊತೆಗೆ ನಡುವೆ ಗಾಳಿ ಉಳಿದು, ನಡೆದಾಗ ಟೊಳ್ಳು ಸದ್ದು ಬರುತ್ತದೆ. ಆದ್ದರಿಂದ ನೇರ ಸ್ಕ್ರೀಡಿಗೇ ಅಂಟಿಸುವುದು ಅಂತ ತೀರ್ಮಾನಿಸಿದೆವು. ಬಿಸಿ ಕಷ್ಟಪಟ್ಟು ಮೇಲೆ ಬಂದರೆ ಪೈಪಿನ ನೀರನ್ನು ಹೆಚ್ಚು ಬಿಸಿ ಮಾಡಬೇಕು. ಒಂದೊಂದು ಡಿಗ್ರಿ ಏರಿದಂತೆ ಹೀಟ್ ಪಂಪ್ ಹೆಚ್ಚು ಕರೆಂಟ್ ತಿನ್ನುತ್ತದೆ.

ಇನ್ನು ಒಣಗಿಸುವ ಕಥೆ. ಇಡೀ ಕೆಲಸದಲ್ಲಿ ತಾಳ್ಮೆ ಬೇಡಿದ್ದು ಇದೊಂದೇ.

2023ರ ಜುಲೈಯಲ್ಲಿ ಸ್ಕ್ರೀಡ್ ಹಾಕಿದರು, 65 ಮಿಲಿಮೀಟರ್ ದಪ್ಪ. ಸಿಮೆಂಟ್ ಸ್ಕ್ರೀಡಾದರೆ 21 ದಿನ ಕಳೆಯುವವರೆಗೆ ಹೀಟಿಂಗ್ ಮುಟ್ಟುವ ಹಾಗಿಲ್ಲ. ಆಮೇಲೆ 25 ಡಿಗ್ರಿ ನೀರು ಮೂರು ದಿನ, ನಂತರ ವಿನ್ಯಾಸದಲ್ಲಿ ಬರೆದ ಅತಿ ಹೆಚ್ಚಿನ ಉಷ್ಣತೆಯಲ್ಲಿ ನಾಲ್ಕು ದಿನ. ಇದು ಹೀಟಿಂಗ್ ಸರಿಯಾಗಿ ಕೆಲಸ ಮಾಡುತ್ತಾ, ಸ್ಕ್ರೀಡ್ ತಡೆಯುತ್ತಾ ಅಂತ ನೋಡುವ ಪರೀಕ್ಷೆ ಅಷ್ಟೇ. ಇಷ್ಟಕ್ಕೇ ನೆಲ ಒಣಗಿತು ಅಂತ ಬಹಳ ಜನ ತಿಳಿಯುತ್ತಾರೆ, ನಾನೂ ತಿಳಿದಿದ್ದೆ. ಹಲಗೆ ಹಾಸುವ ಹದಕ್ಕೆ ಬರಬೇಕಾದರೆ ಇದಾದ ಮೇಲೆ ಬೇರೆಯೇ ಬಿಸಿ ಕೊಡಬೇಕು, ದಿನಕ್ಕೆ ಹಲವು ಸಲ ಕಿಟಕಿ ತೆಗೆದು ಗಾಳಿ ಆಡಿಸಬೇಕು. ಹೊಸ ಮನೆಯಲ್ಲಿ ಗಾರೆ, ಬಣ್ಣ, ಸ್ಕ್ರೀಡ್ ಎಲ್ಲದರಲ್ಲೂ ನೀರಿರುತ್ತದೆ. ಕಿಟಕಿ ಬಾಗಿಲು ಗಾಳಿಯಾಡದಷ್ಟು ಬಿಗಿ. ಆ ನೀರು ತಾನಾಗಿ ಎಲ್ಲಿಗೂ ಹೋಗುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ನೆಲ ಬಿಳಿಚಿಕೊಂಡು ಪೂರ್ತಿ ಒಣಗಿದ ಹಾಗೆ ಕಂಡಿತು. ನಮ್ಮ ಕಟ್ಟಡದ ಗುತ್ತಿಗೆದಾರರು "ಹಾಸಿ, ಆಗಿದೆ" ಅಂದರು. ನಾನು ಅಳೆಯದೆ ಒಪ್ಪಲಿಲ್ಲ. ಅಳೆಯಲು ಬಂದವರು ವಯಸ್ಸಾದ ಒಬ್ಬ ಪಾರ್ಕೆಟ್ (ಮರದ ನೆಲ ಹಾಸುವ) ಕೆಲಸಗಾರರು. ಹಾಸುವಾಗಲೂ ಅವರೇ ಜೊತೆಗೆ ನಿಂತು ಕಲಿಸಿದರು. ಪೈಪ್ ಇಲ್ಲ ಅಂತ ಮೊದಲೇ ಗುರುತು ಮಾಡಿಟ್ಟ ಜಾಗದಲ್ಲಿ ಸ್ಕ್ರೀಡನ್ನು ತಳದವರೆಗೆ ಒಡೆದರು. ಚೂರುಗಳನ್ನು ಪುಡಿ ಮಾಡಿ, 50 ಗ್ರಾಂ ತೂಗಿ, ಉಕ್ಕಿನ ಬಾಟಲಿಗೆ ಹಾಕಿದರು. ಜೊತೆಗೆ ಉಕ್ಕಿನ ಗುಂಡುಗಳು, ಕಾರ್ಬೈಡ್ ತುಂಬಿದ ಗಾಜಿನ ಚಿಕ್ಕ ಶೀಷೆ. ಮುಚ್ಚಿ ಕುಲುಕಿದರೆ ಶೀಷೆ ಒಡೆಯುತ್ತದೆ. ಕಾರ್ಬೈಡ್‌ಗೆ ಪುಡಿಯಲ್ಲಿರುವ ನೀರು ಸಿಕ್ಕಿ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಒತ್ತಡ ನೋಡಿ ನೀರಿನ ಪ್ರಮಾಣ ತಿಳಿಯುತ್ತಾರೆ. ನಮ್ಮ ಕಡೆ ಕದ್ದುಮುಚ್ಚಿ ಮಾವಿನಕಾಯಿ ಹಣ್ಣು ಮಾಡುತ್ತಾರಲ್ಲ, ಅದೇ ಕಾರ್ಬೈಡ್, ಅದೇ ಅನಿಲ. ವಾಸನೆ ಬಂದ ಕೂಡಲೇ ನನಗೆ ಗೊತ್ತಾಯಿತು.

ಮುಳ್ಳು 2.6ರಲ್ಲಿ ನಿಂತಿತು. ಹೀಟಿಂಗ್ ಇರುವ ಸಿಮೆಂಟ್ ಸ್ಕ್ರೀಡಿಗೆ ಮಿತಿ ಶೇ. 1.8. ಮೇಲೆ ಒಣಗಿದೆ, ತಳದಲ್ಲಿ ನೀರು ಕೂತಿದೆ. ಈಗ ಹಲಗೆ ಅಂಟಿಸಿದ್ದರೆ, ಚಳಿಗಾಲದಲ್ಲಿ ಹೀಟಿಂಗ್ ಹಾಕಿದ ಕೂಡಲೇ ಆ ನೀರು ಆವಿಯಾಗಿ ಮೇಲೆದ್ದು ಹಲಗೆಯ ಹೊಟ್ಟೆಗೆ ಸೇರುತ್ತಿತ್ತು. ಹಲಗೆ ಅಂಚೆತ್ತಿ ತಟ್ಟೆಯ ಹಾಗೆ ಬಾಗುತ್ತಿತ್ತು.

ಮತ್ತೆ ಮೂರು ವಾರ ಬಿಸಿ ಕೊಟ್ಟೆವು. ಬಾಡಿಗೆ ಮನೆಗೆ ಇನ್ನೊಂದು ತಿಂಗಳ ಬಾಡಿಗೆ ಕಟ್ಟಿದೆವು, ಮನೆಯಲ್ಲಿ ಇದಕ್ಕೆ ಮಾತಿಗೆ ಮಾತೂ ಬೆಳೆಯಿತು. ಅಕ್ಟೋಬರ್ ಮೂರನೇ ವಾರ ಅಳತೆ 1.7 ಬಂತು. ಅಪ್ಪನಿಗೆ ಫೋನ್ ಮಾಡಿ ಹೇಳಿದ ಮೊದಲ ಸುದ್ದಿ ಅದು.

ಹಾಸುವ ಕೆಲಸ ನಾನು, ಯಜಮಾನರು ಸೇರಿ ಐದು ದಿನದಲ್ಲಿ ಮುಗಿಸಿದೆವು. ಮೊದಲು ಸ್ಕ್ರೀಡಿನ ಮೇಲಿನ ಸಿಮೆಂಟ್ ಹಾಲಿನ ಪದರವನ್ನು ಉಜ್ಜಿ ತೆಗೆದು ಧೂಳು ಹೀರಿಸಿದೆವು. 2 ಮೀಟರ್ ಉದ್ದದ ಮಟ್ಟಗೋಲು ಇಟ್ಟು ತಗ್ಗು ಹುಡುಕಿ, 3 ಮಿಲಿಮೀಟರಿಗಿಂತ ಆಳವಿದ್ದಲ್ಲಿ ತುಂಬಿದೆವು. ಹಲಗೆಯ ಕಟ್ಟುಗಳು ಬಿಚ್ಚದೆ ಅದೇ ಕೋಣೆಯಲ್ಲಿ ಮಲಗಿದ್ದವು. ಅಂಟು ನೀರಿಲ್ಲದ್ದು, ಒಣಗಿದ ಮೇಲೂ ರಬ್ಬರಿನ ಹಾಗೆ ಸ್ವಲ್ಪ ಎಳೆಯುವಂಥದ್ದು. ಹಲ್ಲಿರುವ ಕರಣೆಯಿಂದ ಎಳೆದು, ಹಲಗೆ ಇಟ್ಟು, ಒತ್ತಿ, ಆಗಾಗ ಒಂದು ಹಲಗೆ ಎತ್ತಿ ಕೆಳಗೆ ಅಂಟು ಪೂರ್ತಿ ಹತ್ತಿದೆಯಾ ಅಂತ ನೋಡುವುದು. ಗೋಡೆಯ ಸುತ್ತ 12 ಮಿಲಿಮೀಟರ್ ಸಂದು ಬಿಟ್ಟೆವು. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ.

ಹಾಲಿನಿಂದ ಕೋಣೆಗೆ ಹಲಗೆ ಒಂದೇ ಸಾಲಾಗಿ ಹೋಗಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಬಾಗಿಲಲ್ಲಿ ಸ್ಕ್ರೀಡಿಗೇ ಒಂದು ಬಿಡುವು ಇದೆ. ಒಂದು ಕೋಣೆ ಬಿಸಿ, ಇನ್ನೊಂದು ತಣ್ಣಗೆ ಇದ್ದಾಗ ಎರಡೂ ಬೇರೆ ಬೇರೆಯಾಗಿ ಆಡಲಿ ಅಂತ. ಅದರ ಮೇಲೆ ಹಲಗೆ ದಾಟಿಸಲು ಆ ಹಿರಿಯರು ಬಿಡಲಿಲ್ಲ. ಕಾರ್ಕ್ ಪಟ್ಟಿ ಹಾಕಿದೆವು. ಈಗ ಅದು ನನ್ನ ಕಣ್ಣಿಗೆ ಹೊಸ್ತಿಲಿನ ಹಾಗೇ ಕಾಣುತ್ತದೆ.

ಮೊದಲ ಚಳಿಗಾಲದಲ್ಲಿ ಒಂದು ತಪ್ಪು ಮಾಡಿದೆ. ನೆಲದ ನೀರನ್ನೇ ನೋಡುತ್ತಾ ಗಾಳಿಯ ನೀರನ್ನು ಮರೆತೆ. ಹೊರಗಿನ 0 ಡಿಗ್ರಿಯ ಗಾಳಿ ತೇವದಿಂದ ತುಂಬಿದ್ದರೂ, ಒಳಗೆ ಬಂದು 21 ಡಿಗ್ರಿಗೆ ಬಿಸಿಯಾದರೆ ಅದರ ತೇವಾಂಶ ಸುಮಾರು ಶೇ. 25ಕ್ಕೆ ಇಳಿಯುತ್ತದೆ. ಗಾಳಿ ಬದಲಿಸುವ ಯಂತ್ರವನ್ನು ದೊಡ್ಡ ವೇಗದಲ್ಲೇ ಓಡಿಸುತ್ತಿದ್ದೆವು. ಜನವರಿಯಲ್ಲಿ ಕಿಟಕಿ ಪಕ್ಕದ ಹಲಗೆಗಳ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಬಿತ್ತು. ಯಂತ್ರದ ವೇಗ ಇಳಿಸಿ, ಬಟ್ಟೆ ಒಳಗೇ ಒಣಹಾಕಲು ಶುರು ಮಾಡಿದ ಮೇಲೆ ತೇವಾಂಶ 40ರ ಹತ್ತಿರ ನಿಂತಿತು. ಏಪ್ರಿಲ್ ಹೊತ್ತಿಗೆ ಸಂದು ಮುಚ್ಚಿಕೊಂಡಿತು.

ಬಿಸಿಯಿಂದ ಮಾತ್ರ ಇದುವರೆಗೆ ಏನೂ ತೊಂದರೆ ಆಗಿಲ್ಲ. ಚೆನ್ನಾಗಿ ಇನ್ಸುಲೇಷನ್ ಇರುವ ಮನೆಯಾದ್ದರಿಂದ ನೆಲದ ಮೇಲ್ಮೈ 25 ಡಿಗ್ರಿ ದಾಟುವುದೇ ಅಪರೂಪ. ಅಮ್ಮ ಬಂದಿದ್ದಾಗ ಕೈ ಇಟ್ಟು "ಬಿಸಿ ಎಲ್ಲಿದೆ?" ಅಂತ ಕೇಳಿದರು. ನಮ್ಮ ಪಾದವೇ ಅದಕ್ಕಿಂತ ಬೆಚ್ಚಗಿರುತ್ತದೆ, ಹಾಗಾಗಿ ನೆಲ ಸುಡುವುದಿಲ್ಲ, ತಣ್ಣಗೂ ಅನಿಸುವುದಿಲ್ಲ. ಊಟಕ್ಕೆ ತೆಳು ಚಾಪೆ ಸಾಕು. ದಪ್ಪ ಕಾರ್ಪೆಟ್ ಹಾಕಿದರೆ ಬಿಸಿ ಅದರಡಿಯೇ ಸಿಕ್ಕಿಬೀಳುತ್ತದೆ, ಅದನ್ನು ಕೊಳ್ಳಲೇ ಇಲ್ಲ.

ಎರಡು ಅಳತೆಗಳ ಕಾಗದವನ್ನೂ ಮನೆಪತ್ರದ ಫೈಲಿನಲ್ಲಿ ಇಟ್ಟಿದ್ದೇನೆ. ಉಳಿದ ನಾಲ್ಕು ಹಲಗೆಗಳು ಹಾಲಿನ ಬೀರು ಹಿಂದೆ ನಿಂತಿವೆ. ಮುಂದೆ ಒಂದನ್ನು ಬದಲಿಸಬೇಕಾದರೆ ಅದೂ ಇದೇ ಗಾಳಿಯ ಹದಕ್ಕೆ ಬಂದಿರಲಿ ಅಂತ ಅಪ್ಪ ಹೇಳಿ ಇಡಿಸಿದ್ದು.