ಹತ್ತೊಂಬತ್ತರ ಹುಡುಗರ ಹಿಂದೆ ಬಿದ್ದ ನನ್ನ ಲೆಕ್ಕದ ಪುಸ್ತಕ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ ಮೇಲೆ ತುಂಬಾ ದಿನ ಬೇಸ್‌ಬಾಲ್ ನನಗೆ ಅರ್ಥವೇ ಆಗಿರಲಿಲ್ಲ. ಆಫೀಸಿನವರು ಮಾತಾಡುತ್ತಿದ್ದರು, ನಾನು ಸುಮ್ನೆ ತಲೆಯಾಡಿಸುತ್ತಿದ್ದೆ. ಹುಚ್ಚು ಹತ್ತಿದ್ದು 2021ರಲ್ಲಿ. ಕೋವಿಡ್‌ನಿಂದ ಮನೆಯೊಳಗೆ ಕೂತು ಕೂತು ಸಾಕಾಗಿತ್ತು. ಮೇ ತಿಂಗಳಲ್ಲಿ ಸ್ಯಾನ್ ಹೋಸೆ ಜೈಂಟ್ಸ್ ಆಟ ಶುರುವಾಯಿತು. ಇದು ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಆಡುವ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಮರಿ ತಂಡ. 1942ರ ಹಳೇ ಸ್ಟೇಡಿಯಂ, ಮಾತಾಡಿಸುವಷ್ಟು ಹತ್ತಿರದಲ್ಲಿ ಆಟಗಾರರು.

ಆ ಸೀಸನ್ ಶುರುವಾದಾಗ ತಂಡದಲ್ಲಿ ಮೂವರು ಹತ್ತೊಂಬತ್ತರ ಹುಡುಗರಿದ್ದರು: ಮಾರ್ಕೊ ಲೂಸಿಯಾನೊ, ಲೂಯಿಸ್ ಮಾತೋಸ್, ಪಿಚರ್ (ನಮ್ಮ ಬೌಲರ್ ಥರ ಚೆಂಡು ಎಸೆಯುವವನು) ಕೈಲ್ ಹ್ಯಾರಿಸನ್. ಇವರಲ್ಲಿ ಯಾರು ಮೇಲೆ ಹೋಗುತ್ತಾರೆ ಅಂತ ಬರೆದಿಡೋಣ ಅನ್ನಿಸಿತು. ಒಂದು ಸ್ಪ್ರೆಡ್‌ಶೀಟ್ ತೆರೆದೆ.

ಮೇಜರ್ ಲೀಗ್‌ಗೆ ಹತ್ತುವ ಏಣಿ ಹೀಗಿದೆ. ಸ್ಯಾನ್ ಹೋಸೆ ಸಿಂಗಲ್-ಎ (2021ರಲ್ಲಿ ಲೋ-ಎ ಅನ್ನುತ್ತಿದ್ದರು), ಅದರ ಮೇಲೆ ಯೂಜೀನ್ ಹೈ-ಎ, ಆಮೇಲೆ ರಿಚ್ಮಂಡ್ ಡಬಲ್-ಎ, ಕೊನೆಗೆ ಸ್ಯಾಕ್ರಮೆಂಟೊ ಟ್ರಿಪಲ್-ಎ. ರಣಜಿ ತಂಡಕ್ಕೆ ಟ್ರೋಫಿ ಮುಖ್ಯ. ಇಲ್ಲಿ ಹಾಗಲ್ಲ, ಚೆನ್ನಾಗಿ ಆಡುವವನನ್ನು ಸೀಸನ್ ಮಧ್ಯದಲ್ಲೇ ಎತ್ತಿ ಮೇಲಿನ ಊರಿಗೆ ಕಳಿಸಿಬಿಡುತ್ತಾರೆ. ನಾವು ಟಿಕೆಟ್ ತೆಗೆದುಕೊಂಡ ದಿನ ಅವನೇ ಇರುವುದಿಲ್ಲ!

ಮೊದಲು ನಾನು ನೋಡುತ್ತಿದ್ದದ್ದು ಎರಡೇ, ಬ್ಯಾಟಿಂಗ್ ಸರಾಸರಿ (.300 ಅಂದರೆ ಹತ್ತು ಸಲಕ್ಕೆ ಮೂರು ಹಿಟ್) ಮತ್ತು ಹೋಮ್ ರನ್ (ನಮ್ಮ ಸಿಕ್ಸರ್ ಥರ). ಲೂಸಿಯಾನೊ ಇಲ್ಲಿ 70 ಆಟದಲ್ಲಿ 18 ಹೋಮ್ ರನ್ ಹೊಡೆದ. ಅವನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡೆ. ಅದೇ ವರ್ಷ ಯೂಜೀನ್‌ಗೆ ಹೋದ. ಅಲ್ಲಿ ಸರಾಸರಿ .217ಕ್ಕೆ ಬಿತ್ತು. ಮಾತೋಸ್ ಇಲ್ಲಿ .313 ಹೊಡೆದಿದ್ದ, 2022ರಲ್ಲಿ ಅದೇ ಯೂಜೀನ್‌ನಲ್ಲಿ .211. ಇಬ್ಬರೂ ಮುಗಿದರು ಅಂದುಕೊಂಡು ಮಾತೋಸ್‌ನ ಸಾಲಿಗೆ ಬೂದು ಬಣ್ಣ ಹಚ್ಚಿದೆ.

ತಪ್ಪು ಅಲ್ಲೇ ಆಗಿತ್ತು. ಇಬ್ಬರ ಸರಾಸರಿಯೂ ಒಂದೇ ಥರ ಬಿದ್ದಿತ್ತು, ಬಿದ್ದ ಕಾರಣ ಬೇರೆ. ಲೂಸಿಯಾನೊ ಯೂಜೀನ್‌ನಲ್ಲಿ ಮೂರು ಸಲ ಬ್ಯಾಟ್ ಹಿಡಿದರೆ ಒಂದಕ್ಕಿಂತ ಜಾಸ್ತಿ ಸಲ ಸ್ಟ್ರೈಕೌಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆಗುತ್ತಿದ್ದ, ಅಂದರೆ ಚೆಂಡೇ ಸಿಗುತ್ತಿರಲಿಲ್ಲ. ಮಾತೋಸ್‌ಗೆ ಚೆಂಡು ಸಿಗುತ್ತಿತ್ತು, ಹೋಗಿ ಫೀಲ್ಡರ್ ಕೈಗೆ ಬೀಳುತ್ತಿತ್ತು. ಗಾಯವೂ ಆಗಿತ್ತು. 2023ರಲ್ಲಿ ಅವನು ರಿಚ್ಮಂಡ್ ದಾಟಿ ಸ್ಯಾಕ್ರಮೆಂಟೊಗೆ ಬಂದು .400ರ ಆಸುಪಾಸು ಹೊಡೆದ. ಜೂನ್‌ನಲ್ಲಿ ಮೇಜರ್ ಲೀಗ್‌ಗೆ ಹೋದ, ಲೂಸಿಯಾನೊಗಿಂತ ಮೊದಲೇ. ನನ್ನ ಬೂದು ಬಣ್ಣ ನೋಡಿ ನನಗೇ ನಾಚಿಕೆಯಾಯಿತು.

ಅಲ್ಲಿಂದ ಶೀಟ್‌ನಲ್ಲಿ ಸರಾಸರಿಯ ಕಾಲಂ ಕೊನೆಗೆ ಹೋಯಿತು. ಮೊದಲು ವಯಸ್ಸು, ಅದೂ ಆ ಲೀಗಿನ ಉಳಿದವರಿಗಿಂತ ಎಷ್ಟು ಚಿಕ್ಕವನು ಅಂತ. ಆಮೇಲೆ ನೂರು ಬಾರಿ ಬ್ಯಾಟಿಂಗ್‌ಗೆ ಬಂದರೆ ಎಷ್ಟು ಸ್ಟ್ರೈಕೌಟ್, ಎಷ್ಟು ವಾಕ್. ನಾಲ್ಕು ಚೆಂಡು ಹೊರಗೆ ಹೋದರೆ ಬ್ಯಾಟರ್‌ಗೆ ಪುಕ್ಕಟೆ ಬೇಸ್ ಸಿಗುತ್ತದಲ್ಲ, ಅದೇ ವಾಕ್. ದಿನಾ ನೋಡುವುದನ್ನೂ ಬಿಟ್ಟೆ. ಹದಿನೈದು ದಿನಕ್ಕೊಮ್ಮೆ ಸಾಕು. ದಿನಾ ನೋಡಿದರೆ ಷೇರು ಮಾರ್ಕೆಟ್ ನೋಡಿದ ಹಾಗೆ, ನಿದ್ದೆ ಹಾಳು.

ಪಿಚರ್‌ಗಳ ವಿಷಯದಲ್ಲಿ ವಾಕ್ ಇನ್ನೂ ಮುಖ್ಯ. ಹ್ಯಾರಿಸನ್ ಪಕ್ಕದ ಕಾನ್ಕಾರ್ಡ್‌ನಲ್ಲಿ ಓದಿದ ಎಡಗೈ ಹುಡುಗ. 2022ರಲ್ಲಿ 113 ಇನ್ನಿಂಗ್ಸ್‌ನಲ್ಲಿ 186 ಸ್ಟ್ರೈಕೌಟ್, 49 ವಾಕ್. ಮರುವರ್ಷ ಸ್ಯಾಕ್ರಮೆಂಟೊದಲ್ಲಿ 65 ಚಿಲ್ಲರೆ ಇನ್ನಿಂಗ್ಸ್‌ಗೇ 48 ವಾಕ್. ಅವನ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಆಟಕ್ಕೆ, ಪಿಚರ್ ಸರಾಸರಿ ಎಷ್ಟು ರನ್ ಕೊಟ್ಟ ಅನ್ನುವ ಲೆಕ್ಕ; ಕಡಿಮೆ ಇದ್ದಷ್ಟು ಒಳ್ಳೆಯದು) 4.66 ಇತ್ತು, ಎಲ್ಲರೂ ಅದನ್ನೇ ಹಿಡಿದುಕೊಂಡರು. ನನಗೆ ಅದು ಅಷ್ಟು ಚಿಂತೆ ಕೊಡಲಿಲ್ಲ. ಆ ಲೀಗಿನಲ್ಲಿ ರೀನೋ, ಆಲ್ಬುಕರ್ಕಿಯಂಥ ಎತ್ತರದ ಊರುಗಳಿವೆ. ತೆಳು ಗಾಳಿಯಲ್ಲಿ ಚೆಂಡು ಹಾರಿಹೋಗುತ್ತದೆ. ಚಿನ್ನಸ್ವಾಮಿಯಲ್ಲಿ ನಾಲ್ಕು ಓವರ್‌ಗೆ 45 ಕೊಟ್ಟ ಬೌಲರನ್ನು ನಾವು ಬೈಯುತ್ತೇವಾ? ವಾಕ್‌ಗೆ ಮಾತ್ರ ಗಾಳಿಯ ನೆಪ ಹೇಳುವ ಹಾಗಿಲ್ಲ. ‘ಮೇಲೆ ಹೋಗುತ್ತಾನೆ, ಆದರೆ ಒದ್ದಾಡುತ್ತಾನೆ’ ಅಂತ ಬರೆದಿಟ್ಟೆ. ಆಗಸ್ಟ್‌ನಲ್ಲಿ ಹೋದ. ತವರಿನ ಮೊದಲ ಆಟದಲ್ಲೇ 11 ಸ್ಟ್ರೈಕೌಟ್ ಮಾಡಿ ನನ್ನ ಬಾಯಿ ಮುಚ್ಚಿಸಿದ. 2025ರ ಜೂನ್‌ನಲ್ಲಿ ಬಾಸ್ಟನ್ ತಂಡದ ಬ್ಯಾಟರ್ ರಾಫೆಲ್ ಡೆವರ್ಸ್‌ಗಾಗಿ ಅವನನ್ನು ಆ ತಂಡಕ್ಕೆ ಕೊಟ್ಟರು.

ಹೊಸದಾಗಿ ಶುರುಮಾಡುವವರಿಗೆ ಒಂದು ಕಿವಿಮಾತು. ಈಗ ಸರಣಿಗಳು ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ, ಒಂದೇ ತಂಡದ ಜೊತೆ ಆರು ಆಟ. ಸೋಮವಾರ ರಜಾ. ಹಾಗಾಗಿ ಒಬ್ಬ ಪಿಚರ್ ಈ ಶುಕ್ರವಾರ ಎಸೆದರೆ ಮುಂದಿನ ಶುಕ್ರವಾರವೂ ಎಸೆಯುವ ಸಾಧ್ಯತೆ ಜಾಸ್ತಿ. ನಾನು ಟಿಕೆಟ್ ತೆಗೆಯುವುದೇ ಈ ಲೆಕ್ಕದ ಮೇಲೆ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ಕೂತು, ಐದನೇ ಇನ್ನಿಂಗ್ಸ್ ಹೊತ್ತಿಗೆ ವೇಗ ಇಳಿಯುತ್ತದಾ ಅಂತ ನೋಡುತ್ತೇನೆ. ಪುಳಿಯೋಗರೆ ಡಬ್ಬಿ ಮಾತ್ರ ಕಾರಿನಲ್ಲೇ ಇರುತ್ತದೆ.